ಕಾರ್ಡಿನ ಮೂಲೆಯ ಚುಕ್ಕೆ

ಜನವರಿ ೯

ಮಾವ,

ನಿಮಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಪ್ರತಿ ಸಲ ಎತ್ತುವವಳು ನಿಮ್ಮ ಮಗಳು. ‘ಅಪ್ಪ ವಾಕಿಂಗ್ ಹೋಗಿದಾರೆ, ಏನಿದ್ರೂ ಕಾಗದ ಬರೀಬೇಕಂತೆ’ ಎನ್ನುತ್ತಾಳೆ. ಮಂಡಿ ನೋವೆಂದು ಕ್ಲಿನಿಕ್ಕನ್ನು ನನ್ನ ಕೊರಳಿಗೆ ಕಟ್ಟಿ ಹೋದವರು ದಿನವಿಡೀ ವಾಕಿಂಗ್ ಮಾಡುವುದು ಹೇಗೆ ಎಂದು ಕೇಳುವಷ್ಟು ದೊಡ್ಡವಳು ನಾನಲ್ಲ. ಇರಲಿ, ಬರೆಯುತ್ತಿದ್ದೇನೆ.

ಆರು ತಿಂಗಳಾದರೂ ಜನ ಬಾಗಿಲಲ್ಲಿ ನಿಂತು ನನ್ನ ತಲೆಯ ಮೇಲಿಂದ ಒಳಗೆ ಇಣುಕುತ್ತಾರೆ. ‘ಡಾಕ್ಟ್ರು ಇಲ್ವಾ?’ ನಾನೇ ಡಾಕ್ಟರು ಎಂದರೆ, ‘ಅದು ಸರಿ, ಡಾಕ್ಟ್ರು ಇಲ್ವಾ?’ ನಿಮ್ಮ ಹಳೆಯ ನರ್ಸ್, ಸಿಸ್ಟರ್, ಇನ್ನೊಂದು ಕಾಟ. ರೋಗಿ ಹೇಳಿದ್ದನ್ನೆಲ್ಲ ನನ್ನ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಾರೆ. ಒಬ್ಬರ ಮೂಲವ್ಯಾಧಿ ಮೊನ್ನೆ ರಸ್ತೆಯವರೆಗೂ ಕೇಳಿಸಿತು. ನನಗೆ ಕಿವಿ ಸರಿಯಿದೆ ಸಿಸ್ಟರ್ ಎಂದೆ. ಮುಖ ಸಣ್ಣಗೆ ಮಾಡಿಕೊಂಡು ಹೋದರು.

ಬರೆಯಲು ಕಾರಣ ಬೇರೆ. ವಿಶ್ವವಿದ್ಯಾಲಯಕ್ಕೆ ನಾನು ಮಾಡುತ್ತಿರುವ ಅಧ್ಯಯನ ನಿಮಗೆ ಗೊತ್ತಲ್ಲ. ಬಹುಕಾಲದ ಕುಟುಂಬ ವೈದ್ಯರು ಬಿಟ್ಟುಹೋದ ಮೇಲೆ ಅವರ ರೋಗಿಗಳು ಏನಾಗುತ್ತಾರೆ ಎನ್ನುವುದು. ಒಬ್ಬರೇ ವೈದ್ಯರನ್ನು ವರ್ಷಗಟ್ಟಲೆ ಕಾಣುವವರು ಹೆಚ್ಚು ಕಾಲ ಬದುಕುತ್ತಾರೆಂದು ಎಷ್ಟೋ ದೇಶಗಳ ಸಂಶೋಧಕರು ಈಗ ಹೇಳುತ್ತಿದ್ದಾರೆ. ಅದಕ್ಕಾಗಿ ನಿಮ್ಮ ಹಳೆಯ ಕಾರ್ಡುಗಳನ್ನೆಲ್ಲ ಮಹಡಿಯ ಕೋಣೆಯಲ್ಲಿ ಹರಡಿಕೊಂಡು ಕೂತಿದ್ದೇನೆ. ಕೆಲವು ಕಾರ್ಡುಗಳ ಬಲ ಮೂಲೆಯಲ್ಲಿ, ತಾರೀಖಿನ ಪಕ್ಕ, ಪೆನ್ಸಿಲಿನ ಸಣ್ಣ ಚುಕ್ಕೆ ಇದೆ. ಕೊನೆಯ ಐದು ವರ್ಷಗಳಲ್ಲಿ ಮಾತ್ರ. ಏನದು?

ಲಾಂಡ್ರಿಯಮ್ಮ ನವೆಂಬರಿನಲ್ಲಿ ತೀರಿಕೊಂಡರು. ಶ್ವಾಸಕೋಶದಲ್ಲಿ ಗಡ್ಡೆ, ಸುತ್ತಲೂ ನೀರು. ಪತ್ತೆಯಾಗುವ ಹೊತ್ತಿಗೆ ಕೈ ಮೀರಿತ್ತು. ಅವರ ಕಾರ್ಡು ತೆಗೆದು ನೋಡಿದರೆ ಹದಿನಾಲ್ಕು ತಿಂಗಳ ಹಿಂದೆಯೇ ಚುಕ್ಕೆ ಶುರುವಾಗಿದೆ. ಪಕ್ಕದಲ್ಲಿ ನಿಮ್ಮ ಅಕ್ಷರ: ‘ಕೆಮ್ಮು. ಎದೆ ಸ್ವಚ್ಛ.’ ಎದೆ ಸ್ವಚ್ಛವೆಂದು ಕಿವಿ ಹೇಳಿದರೂ ನಿಮ್ಮ ಮನಸ್ಸು ಒಪ್ಪಿರಲಿಲ್ಲ, ಅಲ್ಲವೆ?

ಬೇಗ ಬರೆಯದಿದ್ದರೆ ಅಲ್ಲಿಗೇ ಬಂದು ತಲೆ ತಿನ್ನುತ್ತೇನೆ.

ನಿಮ್ಮ ಸೋದರಸೊಸೆ,
ಮೆಣಸು


ಜನವರಿ ೨೩

ಮೆಣಸು,

ಇಲ್ಲಿ ಆರನೆಯ ಮಹಡಿ. ಮಗಳು, ಅಳಿಯ ಕೆಲಸಕ್ಕೆ ಹೊರಟರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಕೂತರೆ ಏಳಬೇಕೆನ್ನಿಸುತ್ತದೆ, ಎದ್ದರೆ ಎಲ್ಲಿಗೆಂದು ತಿಳಿಯುವುದಿಲ್ಲ. ಹಾಲಿನಿಂದ ಬಾಲ್ಕನಿಗೆ ಹನ್ನೊಂದು ಹೆಜ್ಜೆ. ಲಿಫ್ಟಿನಲ್ಲಿ ಸಿಕ್ಕವರ ಕಾಲಿನ ಊತ, ಉಗುರಿನ ಬಣ್ಣ ನೋಡುತ್ತೇನೆ. ಮೂರನೆಯ ಮಹಡಿಯ ಹೆಂಗಸಿಗೆ ಥೈರಾಯ್ಡ್ ಇದೆ. ಹೇಳಿದರೆ, ನಮ್ಮನ್ನು ಇಲ್ಲಿಂದ ಓಡಿಸುತ್ತಾರೆ, ಸುಮ್ಮನಿರಿ ಎಂದು ಮಗಳು ಬೈಯುತ್ತಾಳೆ.

ಚುಕ್ಕೆಗೆ ಅಂಥ ಅರ್ಥವೇನೂ ಇಲ್ಲ. ಕೈಯಲ್ಲಿ ಪೆನ್ಸಿಲ್ ಇದ್ದರೆ ಊರುವ ಅಭ್ಯಾಸ. ಅದನ್ನು ಹಿಡಿದು ಎಳೆಯಬೇಡ. ನಿನಗೆ ಬೇರೆ ನೂರು ವಿಷಯಗಳಿವೆ.

ಲಾಂಡ್ರಿಯಮ್ಮನ ಸುದ್ದಿ ಓದಿದೆ. ಯಾರೂ ತಿಳಿಸಿರಲಿಲ್ಲ. ಅಂಗಡಿಯನ್ನು ಈಗ ಯಾರು ನೋಡಿಕೊಳ್ಳುತ್ತಾರೆ?

ಎದುರು ಸಾಲಿನ ನಮ್ಮ ಬೀಗ ರಿಪೇರಿಯವನು ಏನು ಮಾಡುತ್ತಿದ್ದಾನೆ? ಮೂವತ್ತು ವರ್ಷ ದಿನಾ ಸಂಜೆ ನನ್ನ ಜೊತೆ ಚೆಸ್ ಆಡಿ ಸೋತವನು, ಈಗ ಯಾರ ಕೈಯಲ್ಲಿ ಸೋಲುತ್ತಿದ್ದಾನೋ. ಕ್ಲಿನಿಕ್ಕಿಗೆ ಬಂದರೆ ಒಮ್ಮೆ ಎದೆ ನೋಡು. ಸುಮ್ಮನೆ.

ಸಿಸ್ಟರನ್ನು ಗದರಬೇಡ.

ಮಾವ


ಫೆಬ್ರವರಿ ೧೧

ಮಾವ,

ನಿಮ್ಮ ವಿನಯವನ್ನು ಮೂಟೆ ಕಟ್ಟಿ ಬಾಲ್ಕನಿಯಿಂದ ಕೆಳಗೆ ಎಸೆಯಿರಿ. ಎಲ್ಲ ಕಾರ್ಡುಗಳನ್ನೂ ನೋಡಿ ಮುಗಿಸಿದೆ. ಚುಕ್ಕೆ ಇರುವವರು ನಲವತ್ತಾರು ಮಂದಿ. ಅದೇ ವಯಸ್ಸಿನ, ಚುಕ್ಕೆ ಇಲ್ಲದ ನಲವತ್ತಾರು ಮಂದಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಇಲ್ಲದವರಲ್ಲಿ ಮೂವರಿಗೆ ದೊಡ್ಡ ಕಾಯಿಲೆ ಪತ್ತೆಯಾಗಿದೆ. ಚುಕ್ಕೆ ಇದ್ದವರಲ್ಲಿ ಹನ್ನೊಂದು ಮಂದಿಗೆ.

ಸಂಖ್ಯೆ ಚಿಕ್ಕದು, ಒಪ್ಪುತ್ತೇನೆ. ಆದರೂ ನನ್ನ ಗೈಡ್ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ‘ಇಲ್ಲೇನೋ ಸರಿಯಿಲ್ಲ’ ಎಂದು ವೈದ್ಯರ ಮನಸ್ಸಿನಲ್ಲಿ ಏಳುವ ಅಳುಕನ್ನು ತಳ್ಳಿಹಾಕಬಾರದೆಂದು ನಮ್ಮ ಕ್ಷೇತ್ರದಲ್ಲಿ ಈಗ ಬಹಳ ಚರ್ಚೆ ನಡೆದಿದೆ. ಆದರೆ ಅಂಥ ಅಳುಕನ್ನು ಆ ಹೊತ್ತಿಗೇ ಗುರುತು ಹಾಕಿಟ್ಟವರು ಎಷ್ಟು ಜನ ಸಿಕ್ಕಾರು? ಉಳಿದ ಮೂವತ್ತೈದು ಹೆಸರುಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಬೀರುವಿನಲ್ಲಿಟ್ಟಿದ್ದೇವೆ. ಒಂದು ವರ್ಷ ಕಾಯುತ್ತೇವೆ. ಅವರಾಗಿ ಬಂದು ತೋರಿಸಿಕೊಂಡರೆ ನೋಡುವುದು. ನಾವಾಗಿ ಯಾರನ್ನೂ ಕರೆಯುವಂತಿಲ್ಲ, ಕರೆದರೆ ಅಧ್ಯಯನ ಕೆಡುತ್ತದೆ. ನಿಮ್ಮ ಚುಕ್ಕೆ ಎಷ್ಟು ನಿಜವಾಗುತ್ತದೆಂದು ವರ್ಷದ ಕೊನೆಗೆ ಲಕೋಟೆ ತೆರೆದು ನೋಡುತ್ತೇವೆ. ಪಟ್ಟಿ ಮಾಡುವಾಗ ಸಿಸ್ಟರ್ ಚುಕ್ಕೆಯ ಕಾರ್ಡುಗಳನ್ನು ಎತ್ತಿ ಎತ್ತಿ ಮತ್ತೆ ನನ್ನ ಮುಂದಿಟ್ಟರು.

ಬೀರುವಿನ ಬೀಗ ಸರಿಮಾಡಲು ನಿಮ್ಮ ಗೆಳೆಯರೇ ಬಂದಿದ್ದರು. ಮಹಡಿ ಹತ್ತುವಾಗ ಅರ್ಧದಲ್ಲಿ ಕೂತರು. ಕೇಳಿದರೆ, ಮೆಟ್ಟಿಲು ಎಣಿಸುತ್ತಿದ್ದೆ ಎಂದರು. ಅವರ ಕಾರ್ಡಿನಲ್ಲಿ ಮೂರು ಚುಕ್ಕೆ ಇದೆ, ಪಟ್ಟಿಯಲ್ಲಿದ್ದಾರೆ. ನೀವು ಹೇಳಿದ್ದಿರೆಂದು, ಎದೆ ನೋಡಲೇ ಎಂದೆ. ನಮ್ಮ ಡಾಕ್ಟರು ನೋಡಿ ಸ್ವಚ್ಛ ಎಂದಿದ್ದಾರೆ, ಇನ್ನೊಬ್ಬರು ಯಾಕೆ ಎಂದು ಎದ್ದು ಹೋದರು. ನಾನೂ ಒತ್ತಾಯಿಸಲಿಲ್ಲ.

ಲಾಂಡ್ರಿಯನ್ನು ಈಗ ಅವರ ಮಗಳು ನಡೆಸುತ್ತಾಳೆ. ಡಾಕ್ಟರಿಗೆ ಮೊದಲೇ ಅನುಮಾನ ಬಂದಿತ್ತೆಂದು ಚುಕ್ಕೆಯ ವಿಷಯ ಅವಳಿಗೆ ಹೇಳಿದೆ. ಕಣ್ಣು ತುಂಬಿಕೊಂಡಳು.

ಒಪ್ಪಿಗೆ ಪತ್ರ ಜೊತೆಗಿದೆ. ಸಹಿ ಹಾಕಿ ಕಳಿಸಿ.

ಹಿಗ್ಗಿ ಹೀರೇಕಾಯಿಯಾದ
ಮೆಣಸು


ಫೆಬ್ರವರಿ ೧೭

ಮೆಣಸು,

ಲಕೋಟೆ ಒಡೆ. ಮೂವತ್ತೈದು ಜನರನ್ನೂ ಕರೆಸಿ ಎದೆ ಕೇಳು. ಒಬ್ಬೊಬ್ಬರಿಗೂ ಹೊತ್ತು ಕೊಟ್ಟು, ಬೆನ್ನ ಕಡೆಯಿಂದಲೂ ಕೇಳು. ಬೀಗದವನಿಂದ ಶುರುಮಾಡು. ಅವನು ಜಗ್ಗದಿದ್ದರೆ ಅವನ ಹೆಂಡತಿಗೆ ಹೇಳು. ಆ ಮನೆಯಲ್ಲಿ ನಡೆಯುವುದು ಅವರ ಮಾತೇ.

ಸಹಿ ಹಾಕಿಲ್ಲ.

ಮಾವ


ಮಾರ್ಚ್ ೨

ಮಾವ,

ನಿಮ್ಮ ಕಾಗದವನ್ನು ಗೈಡ್ ಮೇಡಂಗೆ ತೋರಿಸಿದೆ. ಕಾರಣ ಕೇಳಿದರು. ನನ್ನಲ್ಲಿ ಕಾರಣವಿಲ್ಲ. ಚುಕ್ಕೆಗೆ ಅರ್ಥವಿಲ್ಲವೆಂದು ಜನವರಿಯಲ್ಲಿ ಬರೆದವರೂ ನೀವೇ, ಮೂವತ್ತೈದು ಜನರನ್ನು ಇವತ್ತೇ ಎಳೆದು ತಾ ಎನ್ನುವವರೂ ನೀವೇ. ಆರೋಗ್ಯವಾಗಿ ತಿರುಗಾಡುವವರನ್ನು ಕರೆದು ‘ನಿಮ್ಮ ಕಾರ್ಡಿನಲ್ಲಿ ಚುಕ್ಕೆ ಇದೆ’ ಎಂದರೆ ಅವರಿಗೆ ಎದೆ ಧಸಕ್ಕೆನ್ನುವುದಿಲ್ಲವೆ? ಬೇಡದ ಪರೀಕ್ಷೆ, ಬೇಡದ ಹೆದರಿಕೆ ಹಚ್ಚಬಾರದೆಂದು ನನಗೆ ಕಲಿಸಿದವರು ಯಾರು?

ನಿಮಗೆ ಕ್ಲಿನಿಕ್ಕು ಬಿಟ್ಟಿದ್ದೇ ಸರಿಹೋಗಿಲ್ಲ. ಅಲ್ಲಿ ಕೂತು ಇಲ್ಲಿಯ ಸ್ಟೆತಸ್ಕೋಪ್ ಹಿಡಿಯಲು ನೋಡುತ್ತಿದ್ದೀರಿ. ನನಗೆ ಅದು ಅರ್ಥವಾಗುತ್ತದೆ, ಆದರೆ ಕುರ್ಚಿಯಲ್ಲಿ ಈಗ ಕೂತಿರುವವಳು ನಾನು.

ಒಂದೇ ಒಂದು ಸಾಲು ಕಾರಣ ಬರೆಯಿರಿ. ಇವತ್ತೇ ಲಕೋಟೆ ಒಡೆಯುತ್ತೇನೆ.

ಮೆಣಸು


ಮಾರ್ಚ್ ೯

ಮೆಣಸು,

ಮೂರು ಸಲ ಬರೆದು ಹರಿದೆ. ಮಗಳು ಕಸದ ಬುಟ್ಟಿ ನೋಡಿ, ಏನಪ್ಪಾ ಕಥೆ ಬರೆಯುತ್ತಿದ್ದೀರಾ ಎಂದು ಕೇಳಿದಳು.

ಕಾರಣ ಇಷ್ಟೆ. ನನ್ನ ಮನಸ್ಸಿಗೆ ಹಾಗೆ ಅನ್ನಿಸುತ್ತಿದೆ. ಅಳುಕಿಗೆ ಬೆಲೆಯಿದೆಯೆಂದು ನಿನ್ನ ಸಂಶೋಧಕರೇ ಹೇಳುತ್ತಾರಲ್ಲ, ಅಷ್ಟು ಸಾಲದೆ?

ಊಟ ಸೇರುತ್ತಿಲ್ಲ. ಮಿಕ್ಕಂತೆ ಕ್ಷೇಮ.

ಮಾವ


ಮಾರ್ಚ್ ೧೫

ಮಾವ,

ಅವಸರದಲ್ಲಿದ್ದೇನೆ. ಚುಕ್ಕೆಯ ಪ್ರಬಂಧವನ್ನು ಸಮ್ಮೇಳನಕ್ಕೆ ಆರಿಸಿದ್ದಾರೆ, ಸ್ಲೈಡುಗಳಲ್ಲಿ ಮುಳುಗಿದ್ದೇನೆ. ಅನ್ನಿಸಿದ್ದನ್ನೇ ಕಾರಣವೆಂದು ಬರೆದರೆ ನಾನೇನು ಮಾಡಲಿ? ಲಕೋಟೆ ಹಾಗೇ ಇದೆ.

ಬೀಗದವರ ಅಂಗಡಿ ಎರಡು ದಿನದಿಂದ ಮುಚ್ಚಿದೆ. ಕಾಲು ಊದಿದೆಯಂತೆ. ನಿಂತು ಕೆಲಸ ಮಾಡುವವರಿಗೆ ಇದ್ದದ್ದೇ ಎಂದು ಅವರ ಹೆಂಡತಿ ಹೇಳಿದರು. ಸಮ್ಮೇಳನ ಮುಗಿಯಲಿ, ಹೋಗಿ ಬರುತ್ತೇನೆ.

ಮೆಣಸು


ಮಾರ್ಚ್ ೧೯

ಮೆಣಸು,

ಈ ಕಾಗದ ನಿನಗೆ ಸಿಗಲು ಎರಡು ದಿನ ಬೇಕು. ಬೀಗದವನಿಗೆ ಎರಡು ದಿನ ಇದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಈಗಲೇ ಮಗಳಿಂದ ಫೋನ್ ಮಾಡಿಸುತ್ತೇನೆ. ಈ ಗಳಿಗೆಯೇ ಎದ್ದು ಹೋಗಿ ಅವನ ಎದೆ ನೋಡು, ಕಾರಣ ಕಾಗದದಲ್ಲಿ ಬರುತ್ತದೆ ಎಂದು ಅವಳು ಹೇಳುತ್ತಾಳೆ. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ. ಇನ್ನು ನಿನಗೆ ಹೇಳಬೇಕು.

ನನಗೆ ಕಿವಿ ಕೇಳಿಸುವುದಿಲ್ಲ. ಕ್ಲಿನಿಕ್ಕು ಬಿಡುವುದಕ್ಕೂ ಐದು ವರ್ಷ ಮೊದಲಿನಿಂದ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಂಡಿ ಚೆನ್ನಾಗಿದೆ. ವಾಕಿಂಗ್ ಎಂದು ಎಲ್ಲಿಗೂ ಹೋಗುವುದಿಲ್ಲ, ಫೋನ್ ಸದ್ದು ಮಾಡಿದಾಗ ಮಗಳ ಮುಖ ನೋಡುತ್ತ ಕೂತಿರುತ್ತೇನೆ.

ಮೊದಲು ಹೋದದ್ದು ಹೆಂಗಸರ, ಮಕ್ಕಳ ದನಿ. ಬಾಯಿ ನೋಡಿ ಊಹಿಸುತ್ತಿದ್ದೆ. ಸಿಸ್ಟರಿಗೆ ಒಂದೇ ವಾರದಲ್ಲಿ ಗೊತ್ತಾಯಿತು. ಒಂದು ಮಾತೂ ಆಡದೆ, ಬಂದವರು ಹೇಳಿದ್ದನ್ನು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಮತ್ತೆ ಹೇಳತೊಡಗಿದರು. ನಿನಗೆ ಕಾಟವೆನಿಸಿದ ಆ ಅಭ್ಯಾಸ ಶುರುವಾದದ್ದು ಹಾಗೆ. ಆದರೆ ಎದೆಯೊಳಗಿನ ಸದ್ದನ್ನು ಅವರು ಹೇಗೆ ತಿರುಗಿ ಹೇಳಿಯಾರು? ಸ್ಟೆತಸ್ಕೋಪ್ ಇಟ್ಟರೆ ದೂರದಲ್ಲಿ ಯಾರೋ ನೆಲ ಗುದ್ದಿದಷ್ಟೇ ಕೇಳುತ್ತಿತ್ತು. ಉಸಿರಿನ ಸದ್ದಂತೂ ಇಲ್ಲವೇ ಇಲ್ಲ. ಒಬ್ಬ ರೋಗಿ ತಾನಾಗಿ ದೊಡ್ಡಾಸ್ಪತ್ರೆಗೆ ಹೋಗಿದ್ದಾಗ ಅಲ್ಲಿಯ ವೈದ್ಯರು ಚೀಟಿ ಕಳಿಸಿದರು: ಇಷ್ಟು ಜೋರಾದ ಸದ್ದು ತಮ್ಮ ಗಮನಕ್ಕೆ ಬರಲಿಲ್ಲವೆ? ಆ ಚೀಟಿಯನ್ನು ಹರಿದು ಹಾಕಿದೆ. ಚುಕ್ಕೆ ಶುರುವಾದದ್ದು ಆ ವಾರದಿಂದ.

ಯಾರಿಗಾದರೂ ಏದುಸಿರು, ಹಳೆಯ ಕೆಮ್ಮು ಇದ್ದು, ಎದೆಯಲ್ಲಿ ನನಗೆ ಏನೂ ಕೇಳಿಸದಿದ್ದರೆ ಚುಕ್ಕೆ ಹಾಕುತ್ತಿದ್ದೆ. ಮುಂದಿನ ಸಲ ಇನ್ನೊಮ್ಮೆ ಕೇಳೋಣ, ಆಗಲೂ ಆಗದಿದ್ದರೆ ಬೇರೆಯವರಿಗೆ ಕಳಿಸೋಣ ಎಂದು. ಕಳಿಸಿದರೆ ಇನ್ನೊಂದು ಚೀಟಿ ಬರುತ್ತದೆಂಬ ಹೆದರಿಕೆ. ‘ಎದೆ ಸ್ವಚ್ಛ’ ಎಂದು ಬರೆದುಬಿಡುತ್ತಿದ್ದೆ. ಅವರು ನಗುತ್ತ ಎದ್ದು ಹೋಗುತ್ತಿದ್ದರು. ನನ್ನ ಮಾತೆಂದರೆ ಅವರಿಗೆ ಅಷ್ಟು ನಂಬಿಕೆ.

ನಿನ್ನ ಹನ್ನೊಂದು ಮಂದಿಯ ಕಾಯಿಲೆಯನ್ನು ನಾನು ಮುಂಚೆಯೇ ಕಂಡದ್ದಲ್ಲ. ಕಾಣದೆ ಕಳಿಸಿದ್ದು. ನೀನು ಹೊಗಳಿ ಬರೆದ ಒಂದೊಂದು ಸಾಲೂ ಮುಖಕ್ಕೆ ಹೊಡೆದ ಹಾಗಿತ್ತು. ಆದರೂ ಎರಡು ತಿಂಗಳು ಸುಮ್ಮನಿದ್ದೆ. ಯಾಕೆಂದರೆ ಹೊಗಳಿಕೆ ಹಿತವಾಗಿಯೂ ಇತ್ತು. ಇದನ್ನು ಬರೆಯಲು ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಲಕೋಟೆ ಒಡೆ.

ಮಾವ


ಮಾರ್ಚ್ ೨೨

ಫೋನ್ ಬಂದಾಗ ಕ್ಲಿನಿಕ್ಕಿನಲ್ಲಿ ಹನ್ನೆರಡು ಜನ ಇದ್ದರು. ಅವರನ್ನು ಹಾಗೇ ಕೂರಿಸಿ ಬೀಗದವರ ಮನೆಗೆ ಹೋದೆ. ಮೂರು ದಿಂಬು ಒರಗಿಸಿಕೊಂಡು ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತದಂತೆ. ಅಂಗಿ ಬಿಚ್ಚುವ ಮೊದಲೇ, ಸ್ಟೆತಸ್ಕೋಪನ್ನು ಬಟ್ಟೆಯ ಮೇಲೆ ಇಟ್ಟರೂ ಕೇಳಿಸಿತು. ಗರಗಸ ಎಳೆದಂಥ ಸದ್ದು. ಹೃದಯದ ಕವಾಟ ಕಿರಿದಾಗಿದೆ. ಮೊದಲ ವರ್ಷದ ವಿದ್ಯಾರ್ಥಿಗೂ ತಪ್ಪದ ಸದ್ದು ಅದು. ಫೆಬ್ರವರಿಯಲ್ಲಿ ಅವರು ನನ್ನ ಮೆಟ್ಟಿಲ ಮೇಲೆ ಕೂತಾಗ ಸ್ಟೆತಸ್ಕೋಪ್ ನನ್ನ ಕೊರಳಲ್ಲೇ ಇತ್ತು. ಅಧ್ಯಯನ ಕೆಡದಿರಲಿ ಎಂದು ನಾನೂ ಸುಮ್ಮನಾದೆ. ಅದು ನನ್ನ ಪಾಲಿನ ತಪ್ಪು.

ದೊಡ್ಡಾಸ್ಪತ್ರೆಗೆ ಸೇರಿಸಿದ್ದೇವೆ. ಏನಾಗುತ್ತದೋ ಹೇಳುತ್ತಿಲ್ಲ.

ಕಾಗದ ನಿನ್ನೆ ಸಿಕ್ಕಿತು. ಓದಿ ಸಿಸ್ಟರ್ ಕೈಗೆ ಕೊಟ್ಟೆ. ಅವರು ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಲಕೋಟೆಯನ್ನು ಅವರೇ ಒಡೆದು, ಒಬ್ಬೊಬ್ಬರಿಗೂ ಫೋನ್ ಮಾಡಲು ಕೂತರು.

ಸಮ್ಮೇಳನಕ್ಕೆ ಹೋಗುತ್ತಿಲ್ಲ. ನಿಮಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ತಿಳಿದಾಗ ಬರೆಯುತ್ತೇನೆ.


ಮೇ ೬

ಮಾವ,

ಆರು ವಾರ ನಿಮ್ಮ ಮೇಲಿನ ಸಿಟ್ಟಿನಲ್ಲೇ ಕೆಲಸ ಮಾಡಿದೆ. ಸಿಟ್ಟಿದ್ದರೆ ಕೆಲಸ ಬೇಗ ಸಾಗುತ್ತದೆ.

ಮೂವತ್ತೈದರಲ್ಲಿ ಮೂವತ್ತೆರಡು ಮಂದಿ ಬಂದರು. ಇಬ್ಬರು ಊರು ಬಿಟ್ಟಿದ್ದಾರೆ, ಅವರ ಈಗಿನ ವೈದ್ಯರಿಗೆ ಬರೆದಿದ್ದೇನೆ. ಒಬ್ಬರು ಬರುವುದಿಲ್ಲವೆಂದು ಬಾಗಿಲು ಹಾಕಿಕೊಂಡರು. ಬಂದವರಲ್ಲಿ ಐವರಿಗೆ ಕಾಯಿಲೆ ಇದೆ. ನಾಲ್ವರದು ಔಷಧಿಗೆ ಬಗ್ಗುವಂಥದ್ದು. ಐದನೆಯವರು ನಿಮ್ಮ ಗೆಳೆಯರು. ಕವಾಟ ಬದಲಿಸಿ ಮೂರು ವಾರವಾಯಿತು. ಬದುಕಿದ್ದಾರೆ. ನಿನ್ನೆ ನರ್ಸಿನ ಜೊತೆ ಜಗಳವಾಡಿದರೆಂದರೆ ಚೇತರಿಸಿಕೊಂಡಿದ್ದಾರೆಂದೇ ಲೆಕ್ಕ.

ನಿಮ್ಮ ಕಿವಿಯ ವಿಷಯ ಅವರಿಗೆ ಹೇಗೆ ಹೇಳುವುದೆಂದು ತಡಬಡಾಯಿಸುತ್ತಿದ್ದೆ. ನನ್ನನ್ನು ತಡೆದು ಅವರೇ ಹೇಳಿದರು: ‘ನಂಗೆ ನಾಲ್ಕು ವರ್ಷದಿಂದ ಗೊತ್ತಮ್ಮ. ಚೆಸ್ ಆಡ್ತಾ ಚೆಕ್ ಅಂದ್ರೆ ತಲೆ ಎತ್ತುತ್ತಿರ್ಲಿಲ್ಲ. ನಾನು ಬೇರೆ ಡಾಕ್ಟ್ರ ಹತ್ರ ಹೋಗಿದ್ರೆ, ಗೆಳೆಯನೇ ಬಿಟ್ಟ ಅಂತ ಜನ ಮಾತಾಡ್ಕೊಳ್ತಿದ್ರು. ಅವನ ಮರ್ಯಾದೆ ಹೋಗ್ತಿತ್ತು. ಅದಕ್ಕೇ ಹೋಗ್ಲಿಲ್ಲ.’

ಒಬ್ಬರೇ ವೈದ್ಯರಿಗೆ ಅಂಟಿಕೊಂಡವರು ಹೆಚ್ಚು ಬದುಕುತ್ತಾರೆಂದು ಬರೆಯಲು ಹೊರಟವಳು ನಾನು. ಅಂಟಿಕೊಂಡದ್ದಕ್ಕೇ ಸಾಯಲು ಸಿದ್ಧರಾದವರನ್ನು ಯಾವ ಕೋಷ್ಟಕದಲ್ಲಿ ಹಾಕಲಿ? ಗೈಡ್ ಮೇಡಂ, ಅದನ್ನೇ ಬರೆ ಎನ್ನುತ್ತಾರೆ. ನಿಮ್ಮ ಕಿವಿ, ಸಿಸ್ಟರ್, ಗೆಳೆಯರು, ನನ್ನ ಲಕೋಟೆ, ಎಲ್ಲವನ್ನೂ. ಬರೆಯುತ್ತೇನೆ.

ಒಂದು ಮಾತ್ರ ನನ್ನ ಕೈಲಿ ಆಗುತ್ತಿಲ್ಲ. ಲಾಂಡ್ರಿಯಮ್ಮನ ಮಗಳು. ಡಾಕ್ಟರಿಗೆ ಅನುಮಾನ ಬಂದಿತ್ತೆಂದು ನಾನು ದೊಡ್ಡಸ್ತಿಕೆಯಿಂದ ಹೇಳಿದೆನಲ್ಲ, ಅಂದಿನಿಂದ ಅವಳು ಸತ್ತ ತಾಯಿಯ ಮೇಲೆ ಸಿಟ್ಟು ಮಾಡಿಕೊಂಡಿದ್ದಾಳೆ. ‘ಡಾಕ್ಟ್ರು ಹೇಳೇ ಇರ್ತಾರೆ. ಅಂಗಡಿ ಬಿಟ್ಟು ಹೋಗೋಕಾಗಲ್ಲ ಅಂತ ಅಮ್ಮನೇ ನಿರ್ಲಕ್ಷ್ಯ ಮಾಡಿರ್ತಾಳೆ’ ಎನ್ನುತ್ತಾಳೆ. ಅಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿ ಒಳಗಿಟ್ಟಿದ್ದಾಳೆ. ನಾಲ್ಕು ಸಲ ಅಂಗಡಿಯ ಬಾಗಿಲವರೆಗೆ ಹೋದೆ. ಇಸ್ತ್ರಿಗೆ ಬಟ್ಟೆ ಕೊಟ್ಟು ವಾಪಸು ಬಂದೆ.

ಮೆಣಸು


ಮೇ ೧೨

ಮೆಣಸು,

ಬದುಕಿದ್ದಾರೆ ಎನ್ನುವ ಸಾಲನ್ನು ಮಗಳ ಕೈಯಲ್ಲಿ ಎರಡು ಸಲ ಓದಿಸಿದೆ. ಕಣ್ಣಿಗೆ ಏನೂ ಆಗಿಲ್ಲ, ಆದರೂ ಓದಿಸಿದೆ.

ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮಗಳು ಜೊತೆಗೆ ಬರುತ್ತೇನೆಂದಳು, ಬೇಡವೆಂದೆ. ಕಳೆದ ವಾರ ಕಿವಿಗೆ ಯಂತ್ರ ಹಾಕಿಸಿಕೊಂಡೆ. ಪರೀಕ್ಷಿಸಿದ ಹುಡುಗಿ ಎಷ್ಟು ವರ್ಷದಿಂದ ಎಂದು ಕೇಳಿದಳು. ಆರು ವರ್ಷ ಎಂದೆ. ಕೆಲಸ ಏನು ಮಾಡುತ್ತಿದ್ದಿರಿ ಎಂದಳು. ಅದಕ್ಕೂ ಉತ್ತರ ಕೊಟ್ಟೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ನನ್ನನ್ನು ಕರೆಯಲು ಬಸ್ ನಿಲ್ದಾಣಕ್ಕೆ ಬರಬೇಡ. ಬೀಗದವನ ಹತ್ತಿರ ಸಂಜೆ ಹೋಗುತ್ತೇನೆ, ಅವನು ಬೈಯಲಿ. ಅದಕ್ಕಿಂತ ಮೊದಲು ನೇರ ಲಾಂಡ್ರಿಗೆ ಹೋಗುತ್ತೇನೆ. ನೀನು ಬಾಗಿಲವರೆಗೆ ಹೋಗಿ ಹೇಳಲಾಗದೆ ಬಂದ ಮಾತು ನಿನ್ನದಲ್ಲ, ನನ್ನದು. ಆ ಮಗುವಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆದಿಡುತ್ತೇನೆ. ಅಲ್ಲಿ ನನ್ನಿಂದ ಹೇಳಲಾಗದಿದ್ದರೆ ಈ ಕಾಗದವನ್ನು ನೀನು ಅವಳಿಗೆ ಕೊಡು.

ನಿನ್ನ ಅಮ್ಮ ನಿರ್ಲಕ್ಷ್ಯ ಮಾಡಲಿಲ್ಲ. ಅಂಗಡಿ ಮುಚ್ಚಿ ಬಂದಿದ್ದರು, ನಾಲ್ಕು ಸಲ ಬಂದಿದ್ದರು. ಕೊನೆಯ ಸಲ, ‘ಡಾಕ್ಟ್ರೇ, ಸರಿಯಾಗಿ ನೋಡಿ, ಮಗಳು ಒಬ್ಬಳೇ ಇದಾಳೆ’ ಎಂದರು. ಸಿಸ್ಟರ್ ಅದನ್ನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ್ದರಿಂದ ನನಗೂ ಕೇಳಿಸಿತ್ತು. ಕೇಳಿಯೂ, ನನ್ನ ಕಿವುಡನ್ನು ಮುಚ್ಚಿಟ್ಟು, ಎದೆ ಸ್ವಚ್ಛ ಎಂದು ಬರೆದು ಕಳಿಸಿದವನು ನಾನು. ಅಮ್ಮನ ಫೋಟೋವನ್ನು ಗೋಡೆಗೆ ಹಾಕಮ್ಮ.

ಮಾವ